ನಲವತ್ತು ಡಿಗ್ರಿಯಲ್ಲಿ ನಲವತ್ತೆಂಟು ಕೆ: ಬಳ್ಳಾರಿಯಲ್ಲೊಂದು ಡಿಬಿ ಸ್ಪೆಕ್ಟ್ರಮ್ ಪ್ಲಸ್

ಹಳೆಯ ಮನೆ ಕಂಪ್ಯೂಟರೊಂದನ್ನು ಕೊಂಡವರು ಅದಕ್ಕೆ ಮೊದಲು ತರಿಸುವ ಹೆಚ್ಚುವರಿ ಭಾಗ ಸಾಮಾನ್ಯವಾಗಿ ಎಸ್‌ಡಿ ಕಾರ್ಡಿನಿಂದ ಆಟಗಳನ್ನು ಓದಿಸುವ ಇಂಟರ್‌ಫೇಸ್ ಆಗಿರುತ್ತದೆ. ಆಮೇಲೆ ಧ್ವನಿಯ ಚಿಪ್ಪು, ಅದರ ಮೇಲೆ ಜಾಯ್‌ಸ್ಟಿಕ್ಕು, ಕೊನೆಗೆ ಎಂದಾದರೊಂದು ದಿನ ವಿದ್ಯುತ್ ಪೂರೈಕೆಯ ಕಡೆಗೆ ಗಮನ. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಈ ಕ್ರಮ ನಡೆದೀತು. ಏಪ್ರಿಲ್ ಬಂತೆಂದರೆ ಉಷ್ಣಾಂಶ ನಲವತ್ತು ದಾಟುವ, ಕಿಟಕಿ ತೆರೆದರೆ ಸಂಡೂರು ಕಡೆಯ ಕೆಂಪು ಧೂಳು ಮೇಜಿನ ಮೇಲೆ ಕೂರುವ, ಸಂಜೆಯ ಹೊತ್ತಿಗೆ ದೀಪಗಳು ಒಮ್ಮೆ ಮಂಕಾಗಿ ಒಮ್ಮೆ ಪ್ರಖರವಾಗುವ ಬಳ್ಳಾರಿಯಲ್ಲಿ ಇದನ್ನು ತಿರುಗಿಸಿಕೊಳ್ಳಬೇಕು. ಇಲ್ಲಿ ಮೊದಲ ರೂಪಾಯಿ ಕರೆಂಟಿಗೆ ಮತ್ತು ಶಾಖಕ್ಕೆ ಖರ್ಚಾಗಬೇಕು. ಉಳಿದ ಅಲಂಕಾರಗಳೆಲ್ಲ ಆಮೇಲೆ. ನಗರದ ಹಳೆಯ ಮನೆಯೊಂದರ ಅಟ್ಟದಿಂದ ಬಂದ, ಎಂಬತ್ತರ ದಶಕದ ಮನೆ ಕಂಪ್ಯೂಟರಾದ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಒಂದನ್ನು ಬೇಸಿಗೆಯಲ್ಲೂ ಮಳೆಗಾಲದಲ್ಲೂ ನಡೆಸಿ ನೋಡಿದ ಮೇಲೆ, ಆ ಯಂತ್ರವನ್ನೂ ಅದಕ್ಕೆ ಹಾಕಿಸಿದ ಭಾಗಗಳನ್ನೂ ಈ ದೃಷ್ಟಿಯಿಂದ ವಿಮರ್ಶಿಸುತ್ತಿದ್ದೇನೆ.

ಯಂತ್ರದ ಹಿನ್ನೆಲೆ ಸಂಕ್ಷಿಪ್ತವಾಗಿ ಇಷ್ಟು. ಸಿಂಕ್ಲೇರ್ ರಿಸರ್ಚ್ ಸಂಸ್ಥೆಯು 1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನು ಬಿಡುಗಡೆ ಮಾಡಿತು. 16 ಕೆ (ಕಿಲೋಬೈಟ್) ಮೆಮೊರಿಯ ಯಂತ್ರಕ್ಕೆ 125 ಪೌಂಡ್, 48 ಕೆ ಯಂತ್ರಕ್ಕೆ 175 ಪೌಂಡ್. ಅದರ ಹಾರ್ಡ್‌ವೇರನ್ನು ರೂಪಿಸಿದವರು ರಿಚರ್ಡ್ ಆಲ್ಟ್‌ವಾಸರ್, ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಸೇರಿ 16 ಕೆ ರೋಮಿನಲ್ಲಿ (ಅಳಿಯದಂತೆ ತುಂಬಿಟ್ಟ ಮೆಮೊರಿಯಲ್ಲಿ) ಇರುವ ಇಡೀ ತಂತ್ರಾಂಶವನ್ನು ಬರೆದವರಲ್ಲಿ ಮುಖ್ಯರು ಸ್ಟೀವ್ ವಿಕರ್ಸ್, ಹೊರಮೈ ರಿಕ್ ಡಿಕಿನ್ಸನ್ ಅವರದು. ರಬ್ಬರ್ ಕೀಲಿಗಳ ಆ ಯಂತ್ರಕ್ಕೆ 1984ರಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ 58 ಕೀಲಿಗಳು, ಪಕ್ಕದಲ್ಲೊಂದು ರಿಸೆಟ್ ಗುಂಡಿ ಮತ್ತು ಹಿಂಬದಿಗೆ ಮಡಚುವ ಕಾಲುಗಳನ್ನು ಕೊಟ್ಟು ಸ್ಪೆಕ್ಟ್ರಮ್ ಪ್ಲಸ್ ಎಂದು ಕರೆದರು. ಒಳಗಿನ ಬೋರ್ಡು ಮಾತ್ರ ಹಳೆಯದೇ. 1986ರಲ್ಲಿ ಸಿಂಕ್ಲೇರ್ ತನ್ನ ಕಂಪ್ಯೂಟರ್ ವ್ಯವಹಾರವನ್ನು ಆಮ್‌ಸ್ಟ್ರಾಡ್ ಸಂಸ್ಥೆಗೆ ಮಾರಿತು. ಭಾರತದಲ್ಲಿ ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ಪ್ಲಸ್ ಮಾದರಿಯನ್ನೇ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಎಂಬ ಹೆಸರಿನಲ್ಲಿ ಮಾರಿತು. ನಮ್ಮ ಕಡೆ ಈಗ ಇದು ಸಿಗುವುದು ಅಪರೂಪ. ಸಿಕ್ಕರೆ ಅಟ್ಟದಲ್ಲಿ ಅಥವಾ ಗುಜರಿಯಲ್ಲಿ.

ಭಾರತಕ್ಕೆ ಈ ಯಂತ್ರ ಹೊಂದಿಕೊಂಡದ್ದಕ್ಕೆ ಒಂದು ಸರಳ ಕಾರಣವಿದೆ. ಬ್ರಿಟನ್ನಿನಂತೆ ನಮ್ಮಲ್ಲೂ ಕರೆಂಟು 50 ಹರ್ಟ್ಸ್, ಟಿವಿಯ ಬಣ್ಣದ ಪದ್ಧತಿ ಪ್ಯಾಲ್. ಸ್ಪೆಕ್ಟ್ರಮ್ ಬಂದ ವರ್ಷವೇ, ಅಂದರೆ 1982ರಲ್ಲೇ, ದೂರದರ್ಶನವೂ ಬಣ್ಣಕ್ಕೆ ತಿರುಗಿತು. ಎರಡೂ ದೇಶಗಳ ಪ್ರಸಾರದಲ್ಲಿ ಧ್ವನಿಯನ್ನು ಕಳಿಸುವ ತರಂಗಾಂತರ ಬೇರೆಯಾಗಿದ್ದರೂ 48 ಕೆ ಸ್ಪೆಕ್ಟ್ರಮ್‌ಗೆ ಅದರಿಂದ ತೊಂದರೆಯಿಲ್ಲ. ಅದು ಟಿವಿಗೆ ಧ್ವನಿಯನ್ನು ಕಳಿಸುವುದೇ ಇಲ್ಲ, ಒಳಗಿನ ಸಣ್ಣ ಸ್ಪೀಕರಿನಿಂದಲೇ ಕೀಚಲು ದನಿ ಹೊರಡಿಸುತ್ತದೆ. ಅಮೆರಿಕದ ಯಂತ್ರಗಳನ್ನು ತರಿಸಿದವರು ಎದುರಿಸುವ 110 ವೋಲ್ಟ್ ಮತ್ತು ಎನ್‌ಟಿಎಸ್‌ಸಿ ತಲೆನೋವು ಇಲ್ಲಿಲ್ಲ.

ಇದು ಎಷ್ಟು ಅಗ್ಗದ ಯಂತ್ರ ಎಂಬುದು ಮುಚ್ಚಳ ತೆಗೆದಾಗಲೇ ಅರ್ಥವಾಗುವುದು. 3.5 ಮೆಗಾಹರ್ಟ್ಸ್ ವೇಗದ ಜೆಡ್80ಎ ಪ್ರೊಸೆಸರ್, 16 ಕೆ ರೋಮ್, ಚಿತ್ರ, ಕೀಲಿಮಣೆ, ಟೇಪ್, ಧ್ವನಿ ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳುವ ಫೆರಾಂಟಿ ಕಂಪನಿಯ ಯುಎಲ್‌ಎ ಚಿಪ್ಪು, ಮತ್ತು ಎರಡು ಸಾಲು ಮೆಮೊರಿ, ಮುಖ್ಯವಾದದ್ದು ಇಷ್ಟೇ. ಕೆಳಗಿನ 16 ಕೆ ಮೆಮೊರಿಗೆ 4116 ಎಂಬ ಎಂಟು ಚಿಪ್ಪುಗಳು. ಮೇಲಿನ 32 ಕೆ ಮೆಮೊರಿಯ ಕಥೆ ಸ್ವಾರಸ್ಯಕರವಾಗಿದೆ: ಆಗ 64 ಕಿಲೋಬಿಟ್ ಚಿಪ್ಪುಗಳು ದುಬಾರಿಯಾಗಿದ್ದರಿಂದ, ಪರೀಕ್ಷೆಯಲ್ಲಿ ಅರ್ಧ ಭಾಗ ಕೆಟ್ಟಿದ್ದೆಂದು ತಿಳಿದ ಚಿಪ್ಪುಗಳನ್ನು 4532 ಎಂಬ ಹೆಸರಿನಲ್ಲಿ ಅಗ್ಗವಾಗಿ ಕೊಂಡು, ಒಂದು ಬದಿ ಹುಳುಕಿದ ಬದನೆಕಾಯಿಯ ಒಳ್ಳೆಯ ಅರ್ಧವನ್ನು ಕೊಯ್ದು ಪಲ್ಯಕ್ಕೆ ಹಾಕಿದಂತೆ, ಚೆನ್ನಾಗಿರುವ ಅರ್ಧವನ್ನು ಮಾತ್ರ ಬಳಸಿದರು. ಯಾವ ಅರ್ಧ ಒಳ್ಳೆಯದು ಎಂಬುದನ್ನು ಬೋರ್ಡಿನ ಮೇಲಿನ ಒಂದು ತಂತಿಯ ಕೊಂಡಿ ನಿರ್ಧರಿಸುತ್ತದೆ. ಎಂಟೂ ಚಿಪ್ಪುಗಳಲ್ಲಿ ಅದೇ ಬದಿಯ ಅರ್ಧ ಒಳ್ಳೆಯದಿರಬೇಕು. ಈಗ ಅವುಗಳಲ್ಲಿ ಒಂದು ಸತ್ತರೆ ಪೂರ್ತಿ ಚೆನ್ನಾಗಿರುವ 4164 ಚಿಪ್ಪನ್ನು ಅದರ ಜಾಗದಲ್ಲಿ ಕೂರಿಸಬಹುದು. ಎರಡೂ ಅರ್ಧ ಒಳ್ಳೆಯದಿರುವುದರಿಂದ ಕೊಂಡಿ ಹೇಗಿದ್ದರೂ ಅದಕ್ಕೆ ನಡೆಯುತ್ತದೆ.

ಕೊಳ್ಳುವ ಮೊದಲು ಹತ್ತು ನಿಮಿಷ ಪರೀಕ್ಷಿಸಲು ಮಾರುವವರು ಬಿಟ್ಟರೆ ಅದು ದೊಡ್ಡ ಉಪಕಾರ. ಸ್ವಿಚ್ ಹಾಕಿದಾಗ ಪರದೆ ಒಮ್ಮೆ ಕಪ್ಪಾಗಿ, ಬಿಳಿಯಾಗಿ, ಕೆಳಗೆ ಸಿಂಕ್ಲೇರ್ ರಿಸರ್ಚ್‌ನ 1982ರ ಕಾಪಿರೈಟ್ ಸಾಲು ಬಂದರೆ ಕೆಳಗಿನ 16 ಕೆ ಮೆಮೊರಿ, ರೋಮ್, ಪ್ರೊಸೆಸರ್ ಮತ್ತು ಯುಎಲ್‌ಎ ಬಹುಮಟ್ಟಿಗೆ ಸರಿಯಿವೆ ಎಂದು ತಿಳಿಯಬೇಕು. ಬಣ್ಣದ ಚೌಕಗಳೋ ಪಟ್ಟೆಗಳೋ ನಿಂತುಬಿಟ್ಟರೆ ಸಾಮಾನ್ಯವಾಗಿ ಕೆಳಗಿನ ಮೆಮೊರಿಯಲ್ಲಿ ಅಥವಾ ಅದಕ್ಕೆ ಬರುವ ವೋಲ್ಟೇಜಿನಲ್ಲಿ ದೋಷವಿರುತ್ತದೆ. ಅನಂತರ 23732ನೆಯ ವಿಳಾಸದ ಬೆಲೆಗೆ 23733ನೆಯ ವಿಳಾಸದ ಬೆಲೆಯ 256 ಪಟ್ಟನ್ನು ಕೂಡಿಸಿ ಮೆಮೊರಿಯ ವಿಳಾಸವೊಂದರ ಬೆಲೆಯನ್ನು ಓದುವ ಪೀಕ್ ಆಜ್ಞೆಯ ಮೂಲಕ ಮುದ್ರಿಸಲು ಹೇಳಬೇಕು. 65535 ಬಂದರೆ 48 ಕೆ ಪೂರ್ತಿ ಇದೆ. 32767 ಬಂದರೆ ಮೇಲಿನ 32 ಕೆ ಯಂತ್ರಕ್ಕೆ ಕಾಣುತ್ತಿಲ್ಲ. ಮಾರುವವರು 48 ಕೆ ಎಂದು ಹೇಳಿ 16 ಕೆ ಕೊಟ್ಟರೆ ಮೋಸವೆಂದುಕೊಳ್ಳಬೇಕಿಲ್ಲ, ಅವರಿಗೂ ಗೊತ್ತಿರಲಾರದು. ಬೆಲೆ ಇಳಿಸಲು ಮಾತ್ರ ಇದು ಒಳ್ಳೆಯ ಕಾರಣ.

ಈಗ ಮುಖ್ಯ ವಿಷಯ, ಶಾಖ. ಹೊರಗಿನ ಅಡಾಪ್ಟರು ಕೊಡುವ 9 ವೋಲ್ಟನ್ನು ಒಳಗಿನ 7805 ರೆಗ್ಯುಲೇಟರು 5 ವೋಲ್ಟಿಗೆ ಇಳಿಸುತ್ತದೆ. ಅದರ ವಿಧಾನ ಒರಟಾದದ್ದು: ಬೇಡದ ವೋಲ್ಟೇಜನ್ನೆಲ್ಲ ಶಾಖವಾಗಿ ಸುಟ್ಟುಬಿಡುತ್ತದೆ. 5 ವೋಲ್ಟಿನ ಸಾಲು 0.7 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ, 9ರಲ್ಲಿ 5 ಕಳೆದು ಉಳಿದ 4 ವೋಲ್ಟಿಗೆ 2.8 ವ್ಯಾಟ್ ಶಾಖ. ಹಳೆಯ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಅಡಾಪ್ಟರು ನಿಯಂತ್ರಿತವಲ್ಲ. ಗೋಡೆಯಲ್ಲಿ ವೋಲ್ಟೇಜ್ ಏರಿದರೆ ಅದರ ಹೊರಬರುವ ವೋಲ್ಟೇಜೂ ಏರುತ್ತದೆ. ಅದು 11ಕ್ಕೆ ಮುಟ್ಟಿದರೆ ಅದೇ ಲೆಕ್ಕ 4.2 ವ್ಯಾಟ್ ಆಗುತ್ತದೆ. ಈ ಶಾಖವನ್ನು ಹೊರಹಾಕಬೇಕಾದದ್ದು ಬೋರ್ಡಿನ ಅಂಚಿಗೆ ಮಡಚಿ ಕೂರಿಸಿದ ಒಂದು ಅಲ್ಯುಮಿನಿಯಂ ತಗಡು, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ. ಹೊರಗಿನ ಕೋಣೆ ಇಪ್ಪತ್ತು ಡಿಗ್ರಿ ಇರುವ ಊರಿಗೆ ಮಾಡಿದ ಏರ್ಪಾಡು ಇದು. ನಮ್ಮ ಮೇ ತಿಂಗಳ ಮಧ್ಯಾಹ್ನದಲ್ಲಿ ಕೀಲಿಮಣೆಯ ಬಲಬದಿ ಬೆರಳಿಗೆ ಸುಡುವಷ್ಟಲ್ಲದಿದ್ದರೂ ಬೆವರು ಬರಿಸುವಷ್ಟು ಬಿಸಿಯಾಗುತ್ತದೆ, ಒಂದು ಗಂಟೆಯ ಒಳಗೆ ಯಂತ್ರ ತಾನಾಗಿ ರಿಸೆಟ್ ಆಗುವುದೂ ಉಂಟು.

ಇದಕ್ಕೆ ಪರಿಹಾರ 7805ರ ಮೂರು ಕಾಲುಗಳ ಜಾಗದಲ್ಲೇ ಕೂರುವ ಸ್ವಿಚಿಂಗ್ ರೆಗ್ಯುಲೇಟರು. ಟ್ರಾಕೊ, ರೆಕಾಮ್ ಮೊದಲಾದ ಕಂಪನಿಗಳ 5 ವೋಲ್ಟ್, 1 ಆಂಪಿಯರ್ ಮಾದರಿಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಇದು ವೋಲ್ಟೇಜನ್ನು ಸುಡುವುದಿಲ್ಲ, ಕ್ಷಣಕ್ಷಣಕ್ಕೂ ಹಚ್ಚಿ ಆರಿಸಿ ಹದಕ್ಕೆ ತರುತ್ತದೆ; ನೂರಕ್ಕೆ ತೊಂಬತ್ತರ ಆಸುಪಾಸಿನ ದಕ್ಷತೆಯೆಂದರೆ 3.5 ವ್ಯಾಟ್ ಕೆಲಸಕ್ಕೆ ವ್ಯರ್ಥವಾಗುವುದು ಅರ್ಧ ವ್ಯಾಟಿಗೂ ಕಡಿಮೆ. ಹತ್ತಿಪ್ಪತ್ತು ರೂಪಾಯಿಯ 7805ರ ಮುಂದೆ ಇದರ ಬೆಲೆ ಹಲವು ಪಟ್ಟು ಹೆಚ್ಚು ಎಂಬುದು ನಿಜ. ಆದರೆ ನಾನು ಹಾಕಿಸಿದ ಎಲ್ಲ ಭಾಗಗಳಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಪ್ರಯೋಜನ ತಂದದ್ದು ಇದೊಂದೇ. ಇದನ್ನು ಹಾಕಿದ ಮೇಲೆ ಅಲ್ಯುಮಿನಿಯಂ ತಗಡು ತಣ್ಣಗಿರುತ್ತದೆ, ಇಳಿಹೊತ್ತಿನಿಂದ ಊಟದ ಹೊತ್ತಿನವರೆಗೆ ಯಂತ್ರ ಒಂದೇ ಸಮ ನಡೆಯುತ್ತದೆ. ತಗಡನ್ನು ತೆಗೆದು ಎಸೆಯುವ ಅಗತ್ಯವಿಲ್ಲ. ಮುಂದೊಂದು ದಿನ ಮೂಲ ರೂಪಕ್ಕೆ ಮರಳಿಸಲು ಬೇಕಾದೀತು.

ಅಡಾಪ್ಟರಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆ. ಸ್ಪೆಕ್ಟ್ರಮ್ ಪಿನ್ನಿನ ನಡುಭಾಗ ನೆಗೆಟಿವ್, ಹೊರಬಳೆ ಪಾಸಿಟಿವ್. ನಮ್ಮ ಮನೆಗಳಲ್ಲಿ ಈಗ ಬಿದ್ದಿರುವ ವೈಫೈ ರೂಟರಿನ, ಸಿಸಿಟಿವಿಯ, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರುಗಳು ಬಹುತೇಕ ಇದಕ್ಕೆ ವಿರುದ್ಧ, ಮೇಲಾಗಿ 12 ವೋಲ್ಟಿನವು; ಪಿನ್ ಮಾತ್ರ ಅದೇ ಅಳತೆಯದಾಗಿ ಸಲೀಸಾಗಿ ಒಳಗೆ ಹೋಗುತ್ತದೆ. ಹಾಗೆ ಚುಚ್ಚಿದರೆ ಯಂತ್ರ ಹಾಳಾಗುವ ಸಂಭವವೇ ಹೆಚ್ಚು. ಕರೆಂಟು ಹೋದಾಗ ರೂಟರಿಗೆಂದು ಇಟ್ಟ ಪುಟ್ಟ ಯುಪಿಎಸ್ಸಿನಿಂದ ಇದನ್ನು ನಡೆಸುವ ಆಸೆ ಬಂದರೆ ಅದನ್ನು ಅಲ್ಲಿಗೇ ಬಿಡಬೇಕು. ಗಿಟಾರಿನ ಎಫೆಕ್ಟ್ ಪೆಡಲುಗಳಿಗೆ ಮಾರುವ 9 ವೋಲ್ಟ್ ಅಡಾಪ್ಟರುಗಳು ನಡುವೆ ನೆಗೆಟಿವ್ ಇರುವಂಥವು, ಸಂಗೀತ ವಾದ್ಯಗಳ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಅವುಗಳಲ್ಲಿ ಅನೇಕವು ಅರ್ಧ ಆಂಪಿಯರ್ ಮಾತ್ರ ಕೊಡುತ್ತವೆ. ಮೂಲ ಅಡಾಪ್ಟರು 1.4 ಆಂಪಿಯರಿನದು, ಆದ್ದರಿಂದ 2 ಆಂಪಿಯರ್ ಎಂದು ಬರೆದಿರುವುದನ್ನೇ ಆರಿಸಿ, ಚುಚ್ಚುವ ಮೊದಲು ಮಲ್ಟಿಮೀಟರಿನಲ್ಲಿ ಧ್ರುವವನ್ನು ನೋಡಿಕೊಳ್ಳಬೇಕು. ಹಳೆಯ ಅಡಾಪ್ಟರನ್ನೇ ಬಳಸುತ್ತೇನೆ ಎನ್ನುವವರು ಟಿವಿಗೋ ಫ್ರಿಜ್ಜಿಗೋ ಇರುವ ಸ್ಟೆಬಿಲೈಜರಿನ ಮೂಲಕ ಅದನ್ನು ನಡೆಸಿದರೂ ಸಾಕಷ್ಟು ಅನುಕೂಲ.

ವಿದ್ಯುತ್ತಿನ ಕಥೆ ರೆಗ್ಯುಲೇಟರಿನಲ್ಲಿ ಮುಗಿಯುವುದಿಲ್ಲ. ಕೆಳಗಿನ ಮೆಮೊರಿಯ 4116 ಚಿಪ್ಪುಗಳಿಗೆ 5 ವೋಲ್ಟ್ ಮಾತ್ರವಲ್ಲದೆ 12 ವೋಲ್ಟ್ ಮತ್ತು ಋಣ 5 ವೋಲ್ಟ್ ಸಹ ಬೇಕು. ಅವೆರಡನ್ನೂ ಒಂದು ಪುಟ್ಟ ಸುರುಳಿ ಮತ್ತು ಒಂದೆರಡು ಟ್ರಾನ್ಸಿಸ್ಟರುಗಳ ವಿದ್ಯುನ್ಮಂಡಲ (ಸರ್ಕ್ಯೂಟ್) ತಯಾರಿಸುತ್ತದೆ. ಸ್ಪೆಕ್ಟ್ರಮ್ ರಿಪೇರಿ ಮಾಡುವವರ ಬಾಯಲ್ಲಿ ಮೊದಲು ಬರುವ ಹೆಸರು ಟಿಆರ್4. ಯಂತ್ರ ಚಾಲೂ ಇರುವಾಗ ಹಿಂಬದಿಗೆ ಏನನ್ನಾದರೂ ಚುಚ್ಚಿದರೆ ಅಥವಾ ಕಿತ್ತರೆ ಮೊದಲು ಬಲಿಯಾಗುವ ಟ್ರಾನ್ಸಿಸ್ಟರ್ ಅದು. ಅದು ಹೋದಾಗ ಋಣ 5 ವೋಲ್ಟ್ ನಿಂತು, ಉಳಿದ ವೋಲ್ಟೇಜುಗಳು ಮುಂದುವರಿದರೆ 4116 ಚಿಪ್ಪುಗಳೂ ಅದರ ಹಿಂದೆಯೇ ಸಾಯುತ್ತವೆ. ಅಟ್ಟದಿಂದ ಬಂದ ಯಂತ್ರವನ್ನು ನೇರವಾಗಿ ಪ್ಲಗ್ಗಿಗೆ ಹಾಕಿ ನೋಡೋಣ ಎನ್ನುವ ಉತ್ಸಾಹಿಗಳಿಗೆ ಇದನ್ನು ಹೇಳಲೇಬೇಕು: ಮೊದಲು ಮುಚ್ಚಳ ತೆಗೆದು, ಈ ಮೂರೂ ವೋಲ್ಟೇಜುಗಳನ್ನು ಅಳೆಯುವ ಸಿದ್ಧತೆ ಮಾಡಿಕೊಂಡು, ಆಮೇಲೆ ಸ್ವಿಚ್ ಹಾಕಬೇಕು.

ಇದೇ ಹೊತ್ತಿನಲ್ಲಿ, ವೋಲ್ಟೇಜಿನ ಏರಿಳಿತವನ್ನು ಸಮಮಾಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೆಲ್ಲ ಬದಲಿಸಿಬಿಡುವುದು ಜಾಣತನ. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಬಳ್ಳಾರಿಯ ಅಟ್ಟದಲ್ಲಿ, ತಗಡಿನ ಅಥವಾ ಕಾಂಕ್ರೀಟ್ ಮಾಳಿಗೆಯ ಕೆಳಗೆ ಬೆಂದ ಕೆಪಾಸಿಟರಿನ ಒಳಗಿನ ದ್ರವ ಬತ್ತಿರುತ್ತದೆ ಅಥವಾ ಕಾಲಿನ ಬುಡದಲ್ಲಿ ಸೋರಿರುತ್ತದೆ. ಮೂಲದವು ಉದ್ದಕ್ಕೆ ಮಲಗುವ, ಎರಡು ತುದಿಯಲ್ಲೂ ಕಾಲಿರುವ ಬಗೆಯವು. ಇಲ್ಲಿನ ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಸಿಗುವುದು ನಿಲ್ಲುವ ಬಗೆಯವು. ಒಂದು ಕಾಲನ್ನು ಉದ್ದ ಬಿಟ್ಟು ಅದಕ್ಕೆ ಪ್ಲಾಸ್ಟಿಕ್ ಕೊಳವೆ ತೊಡಿಸಿ ಬೆಸೆದರೆ ಅವೂ ನಡೆಯುತ್ತವೆ, ನೋಡಲು ಅಷ್ಟು ಚೆಂದವಿರುವುದಿಲ್ಲ. 105 ಡಿಗ್ರಿ ಎಂದು ಮೈಮೇಲೆ ಬರೆದಿರುವುದನ್ನೇ ಕೇಳಿ ಪಡೆಯಬೇಕು. 85 ಡಿಗ್ರಿಯವು ನಾಲ್ಕಾಣೆ ಅಗ್ಗವೆಂದು ತಂದರೆ ನಮ್ಮ ಹವೆಯಲ್ಲಿ ಬೇಗ ಮುದಿಯಾಗುತ್ತವೆ.

4116 ಚಿಪ್ಪುಗಳ ಬದಲಿಗೆ ಕೂರಿಸುವ ಹೊಸ ಮೆಮೊರಿ ಮಾಡ್ಯೂಲುಗಳು ಈಗ ಯುರೋಪಿನ ಹವ್ಯಾಸಿ ತಯಾರಕರಿಂದ ಸಿಗುತ್ತವೆ. ಎಂಟು ಚಿಪ್ಪುಗಳ ಕೆಲಸವನ್ನು ಒಂದು ಸಣ್ಣ ಬೋರ್ಡು 5 ವೋಲ್ಟಿನಲ್ಲೇ ಮಾಡುತ್ತದೆ, ಬಿಸಿಯೂ ಗಣನೀಯವಾಗಿ ಇಳಿಯುತ್ತದೆ. ಒಂದು ತಪ್ಪು ತಿಳಿವಳಿಕೆ ಮಾತ್ರ ಬೇಡ: ಈಗ 12 ವೋಲ್ಟೇ ಬೇಡವೆಂದು ಆ ಸುರುಳಿಯ ಮಂಡಲವನ್ನೇ ಕಿತ್ತುಹಾಕುವ ಹಾಗಿಲ್ಲ. ಬಣ್ಣದ ಸಂಕೇತವನ್ನು ತಯಾರಿಸುವ ಎಲ್‌ಎಂ1889 ಚಿಪ್ಪಿಗೂ 12 ವೋಲ್ಟ್ ಬೇಕು, ಅದಿಲ್ಲದಿದ್ದರೆ ಚಿತ್ರವೇ ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹಳೆಯ ಎಂಟೂ ಚಿಪ್ಪುಗಳು ಜೀವಂತವಾಗಿದ್ದರೆ ಈ ಮಾಡ್ಯೂಲಿಗೆ ಅವಸರವಿಲ್ಲ. ಎಂಟು ಚಿಪ್ಪುಗಳನ್ನು ಬೋರ್ಡಿನಿಂದ ಬಿಚ್ಚುವಾಗ ತೆಳುವಾದ ತಾಮ್ರದ ಪಟ್ಟಿ ಎದ್ದುಬರುವ ಅಪಾಯ ಅದರ ಲಾಭಕ್ಕಿಂತ ದೊಡ್ಡದು. ಒಂದೆರಡು ಸತ್ತಿದ್ದರೆ ಮಾತು ಬೇರೆ. ಆಗ ಬಿಡಿ 4116 ಹುಡುಕುವುದಕ್ಕಿಂತ ಮಾಡ್ಯೂಲೇ ಲೇಸು.

ಯುಎಲ್‌ಎ ಚಿಪ್ಪಿನ ಬೆನ್ನಿಗೆ ಶಾಖ ಹೊರಹಾಕುವ ಒಂದು ಸಣ್ಣ ಹೀಟ್ ಸಿಂಕ್ ಅಂಟಿಸುವುದು ಕೆಲವೇ ರೂಪಾಯಿಯ ಕೆಲಸ, ಮಾಡಿಸಬೇಕು. ಫೆರಾಂಟಿಯ ಆ ಚಿಪ್ಪು ಈಗ ತಯಾರಾಗುವುದಿಲ್ಲ. ಕ್ರಿಸ್ ಸ್ಮಿತ್ ಎಂಬವರು ಅದರ ಒಳರಚನೆಯನ್ನು ಬಿಡಿಸಿ ತೋರಿಸಿದ ಮೇಲೆ ಹೊಸ ಬದಲಿಗಳು ಬಂದಿವೆಯಾದರೂ ಅವುಗಳನ್ನು ತರಿಸುವ ಖರ್ಚಿನಲ್ಲಿ ಇನ್ನೊಂದು ಯಂತ್ರವನ್ನೇ ಹುಡುಕಬಹುದು.

ಧೂಳಿನ ಮಾತಿಗೆ ಬಂದರೆ, ಹಿಂಬದಿಯಲ್ಲಿ ಬೋರ್ಡಿನ ಅಂಚೇ ಬೆತ್ತಲೆಯಾಗಿ ಚಾಚಿಕೊಂಡು ಕನೆಕ್ಟರ್ ಆಗಿರುವುದು ಈ ಯಂತ್ರದ ಅತಿ ದುರ್ಬಲ ಜಾಗ. ಎರಡು ಬದಿಗೂ ಸೇರಿ 56 ಸಂಪರ್ಕ ಬಿಂದುಗಳ ಜಾಗ. ಅದಕ್ಕೊಂದು ಮುಚ್ಚಳವೂ ಇಲ್ಲ. ಅದಿರಿನ ಲಾರಿಗಳು ಓಡಾಡುವ ರಸ್ತೆಯಿಂದ ದೂರವಿರುವ ಮನೆಯಲ್ಲೂ ನಯವಾದ ಕೆಂಪು ಪುಡಿ ಅಲ್ಲಿ ಸೇರುತ್ತದೆ. ಅದರ ಮೇಲೆ ಇಂಟರ್‌ಫೇಸ್ ಚುಚ್ಚಿದರೆ ಸಂಪರ್ಕ ಸರಿಯಾಗಿ ಕೂರದೆ, ಮೇಜು ಅಲುಗಿದರೂ ಯಂತ್ರ ನಿಂತುಬಿಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿ, ಬಳಸದಿದ್ದಾಗ ಇಡೀ ಯಂತ್ರಕ್ಕೆ ಬಟ್ಟೆ ಹೊದಿಸಿದರೆ ಸಾಕು. ಉಪ್ಪುಕಾಗದ ಹಾಕಿ ತಿಕ್ಕಬಾರದು, ಲೇಪವೇ ಹೋಗುತ್ತದೆ. ಏರ್ ಕೂಲರಿನ ಎದುರಿಗೆ ಯಂತ್ರವನ್ನು ಇಡುವುದೂ ಒಳ್ಳೆಯದಲ್ಲ: ಗಾಳಿ ತಂಪಾಗಿದ್ದರೂ ಅದರ ತೇವ ಇದೇ ಬೆತ್ತಲೆ ತಾಮ್ರದ ಮೇಲೆ ಕೂರುತ್ತದೆ. ಫ್ಯಾನಿನ ಗಾಳಿಯೇ ವಾಸಿ.

ಕೀಲಿಮಣೆ ಈ ಯಂತ್ರದ ಎರಡನೆಯ ದೊಡ್ಡ ದೌರ್ಬಲ್ಯ. ಹೊರಗೆ ಗಟ್ಟಿ ಕೀಲಿಗಳಿದ್ದರೂ ಒಳಗಿರುವುದು ಪ್ಲಾಸ್ಟಿಕ್ ಹಾಳೆಗಳ ಮೆಂಬ್ರೇನ್. ಅದರಿಂದ ಹೊರಡುವ ಎರಡು ಪಟ್ಟಿಬಾಲಗಳು ಬೋರ್ಡಿನ ಸಾಕೆಟ್ಟಿಗೆ ಇಳಿಯುತ್ತವೆ. ಶಾಖದಲ್ಲಿ ವರ್ಷಗಟ್ಟಲೆ ಇದ್ದ ಬಾಲ ಒಣಗಿ, ಮುಚ್ಚಳ ತೆಗೆದ ಕ್ಷಣದಲ್ಲೇ ಮಡಿಕೆಯ ಜಾಗದಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಹಳೆಯ ಯಂತ್ರವನ್ನು ತೆರೆಯುವ ದಿನವೇ ಹೊಸ ಮೆಂಬ್ರೇನ್ ಕೈಯಲ್ಲಿರಬೇಕೆಂದು ಎಲ್ಲರಿಗೂ ಹೇಳುತ್ತೇನೆ. ಕೀಲಿಮಣೆಯ ದೋಷ ಎಲ್ಲಿದೆಯೆಂದು ಊಹಿಸುವುದು ಕಷ್ಟವಲ್ಲ. ವಿದ್ಯುತ್ ದೃಷ್ಟಿಯಿಂದ ಕೀಲಿಗಳು ಐದೈದರ ಎಂಟು ಗುಂಪುಗಳಾಗಿವೆ. ಕ್ಯೂದಿಂದ ಟಿವರೆಗಿನ ಐದು ಕೀಲಿಗಳು ಒಟ್ಟಿಗೇ ಸತ್ತಿದ್ದರೆ ಎಂಟು ಗೆರೆಗಳ ಬಾಲದಲ್ಲಿ ಒಂದು ಗೆರೆ ತುಂಡಾಗಿದೆ, ಅಲ್ಲೊಂದು ಇಲ್ಲೊಂದರಂತೆ ಎಂಟು ಕೀಲಿಗಳು ಸತ್ತಿದ್ದರೆ ಐದು ಗೆರೆಗಳ ಬಾಲದಲ್ಲಿ ತುಂಡಾಗಿದೆ ಎಂದರ್ಥ. ಹೊಸದಾಗಿ ತಯಾರಾಗಿ ಬರುವ ಮೆಂಬ್ರೇನುಗಳ ಗುಣಮಟ್ಟ ಚೆನ್ನಾಗಿದೆ. ಆದರೆ ಪ್ಲಸ್ ಮಾದರಿಯ ಮೆಂಬ್ರೇನ್ ರಬ್ಬರ್ ಕೀಲಿಯ ಮಾದರಿಯದಕ್ಕಿಂತ ಬೇರೆ ಎಂಬುದನ್ನು ಗಮನಿಸಿ ತರಿಸಬೇಕು. ಒಳಗೆ ಕೂರಿಸುವುದು ಸಾವಧಾನದ ಕೆಲಸ. ಸ್ಕ್ರೂಗಳು ಬಹಳ, ಅವುಗಳಲ್ಲಿ ಉದ್ದ ಗಿಡ್ಡ ಎರಡೂ ಇರುವುದರಿಂದ ಬಿಚ್ಚಿದ ಕ್ರಮದಲ್ಲೇ ತಟ್ಟೆಯೊಂದರಲ್ಲಿ ಜೋಡಿಸಿಕೊಳ್ಳಬೇಕು. ಕೀಲಿಗಳ ಸ್ಪರ್ಶದ ಬಗ್ಗೆ ಹೇಳುವುದಾದರೆ, ಎಲ್ಲ ಸರಿಪಡಿಸಿದ ಮೇಲೂ ಅದು ಮೆತ್ತಗೆ, ಅನಿಶ್ಚಿತವಾಗಿಯೇ ಇದೆ. ಜೆ ಒತ್ತಿದರೆ ಲೋಡ್, ಪಿ ಒತ್ತಿದರೆ ಪ್ರಿಂಟ್ ಎಂದು ಇಡೀ ಆಜ್ಞೆಯೇ ಒಂದು ಕೀಲಿಯಲ್ಲಿ ಬರುವ ಏರ್ಪಾಡು ಇರುವುದರಿಂದ ಹೆಚ್ಚು ಟೈಪಿಸಬೇಕಾಗಿಲ್ಲ ಎಂಬುದೇ ಸಮಾಧಾನ.

ಚಿತ್ರಕ್ಕೆ ಮಾಡಬೇಕಾದ ಸುಧಾರಣೆ ಅಗ್ಗದ್ದು. ಚಿತ್ರವನ್ನು ಟಿವಿ ಚಾನೆಲಿನ ಸಂಕೇತವಾಗಿ ಬದಲಿಸುವ ಮೂಲ ಮಾಡ್ಯುಲೇಟರಿನ ಮೂಲಕ ಬರುವುದನ್ನು ಚಾನೆಲ್ ಹುಡುಕಿ ಹಿಡಿಯಬೇಕು, ಹಿಡಿದರೂ ಅದು ಮಂಜುಮಂಜು. ಮಾಡ್ಯುಲೇಟರಿನ ತಗಡಿನ ಪೆಟ್ಟಿಗೆಯೊಳಗೆ ಹೋಗುವ ವಿಡಿಯೊ ತಂತಿಯನ್ನು ಅದರ ಒಳಗಿನ ಮಂಡಲಕ್ಕೆ ಕೊಡದೆ ನೇರವಾಗಿ ಹೊರಗಿನ ಸಾಕೆಟ್ಟಿಗೆ ಬೆಸೆದರೆ, ಟಿವಿಯ ಎವಿ ಇನ್‌ಪುಟ್ಟಿಗೆ ಹೊಂದುವ ಕಾಂಪೊಸಿಟ್ ವಿಡಿಯೊ ಸಿಗುತ್ತದೆ. ಬೆಸುಗೆ ಬಲ್ಲ ಯಾವ ಟಿವಿ ರಿಪೇರಿಯವರಾದರೂ ಇದನ್ನು ಅರ್ಧ ಗಂಟೆಯಲ್ಲಿ ಮಾಡಿಕೊಡಬಲ್ಲರು. ಫಲಿತಾಂಶ ಟಿವಿಯನ್ನು ಅವಲಂಬಿಸುತ್ತದೆ. ಸ್ಪೆಕ್ಟ್ರಮ್ 312 ಗೆರೆಗಳ, ಒಂದು ಬಾರಿಯ ಗೆರೆಗಳ ನಡುವೆ ಮುಂದಿನ ಬಾರಿಯ ಗೆರೆಗಳು ಹೆಣೆದುಕೊಳ್ಳದ ಚಿತ್ರವನ್ನು ಕಳಿಸುತ್ತದೆ. ದಪ್ಪ ಪಿಕ್ಚರ್ ಟ್ಯೂಬಿನ ಹಳೆಯ ಟಿವಿಗಳು ಅದನ್ನು ಸುಮ್ಮನೆ ತೋರಿಸಿದರೆ, ಕೆಲವು ಎಲ್‌ಇಡಿ ಟಿವಿಗಳು ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡು ನಡುಗಿಸುತ್ತವೆ. ಗುಜರಿಗೆ ಹೊರಟ ಹಳೆಯ ಬಣ್ಣದ ಟಿವಿಯೊಂದು ಮನೆಯಲ್ಲಿದ್ದರೆ ತಡೆಹಿಡಿಯುವುದು ಒಳ್ಳೆಯದು. ರಾಸ್ಪ್‌ಬೆರಿ ಪೈ ಕೂರಿಸಿ ಎಚ್‌ಡಿಎಂಐ ಕೊಡುವ ಕಾರ್ಡುಗಳೂ ಇವೆ, ಚಿತ್ರ ಗಾಜಿನಷ್ಟು ಸ್ವಚ್ಛ. ಆದರೆ 256ಕ್ಕೆ 192 ಚುಕ್ಕಿಗಳ ಚಿತ್ರ ಅಷ್ಟು ಸ್ವಚ್ಛವಾಗಿ ಕಂಡರೆ ಅದರ ಬಡತನವೂ ಎದ್ದು ಕಾಣುತ್ತದೆ. ಎಂಟು ಚುಕ್ಕಿಗೆ ಎಂಟು ಚುಕ್ಕಿಯ ಪ್ರತಿ ಚೌಕದಲ್ಲೂ ಎರಡೇ ಬಣ್ಣಗಳಿಗೆ ಅವಕಾಶವಿರುವುದರಿಂದ ಓಡುವ ಬೊಂಬೆ ಹಿನ್ನೆಲೆಯ ಬಣ್ಣವನ್ನು ಮೈಗೆ ಮೆತ್ತಿಕೊಂಡು ಸಾಗುತ್ತದೆ. ಇಡೀ ಪರದೆಯನ್ನು 6912 ಬೈಟುಗಳಲ್ಲಿ ಮುಗಿಸಿದ ಮಿತವ್ಯಯಕ್ಕೆ ತೆತ್ತ ಬೆಲೆ ಇದು, ಯಾವ ಸುಧಾರಣೆಯೂ ಇದನ್ನು ಅಳಿಸುವುದಿಲ್ಲ.

ಆಟಗಳನ್ನು ಒಳಗೆ ತರಲು ಎಲ್ಲಕ್ಕಿಂತ ಅಗ್ಗದ ದಾರಿ ಮೊಬೈಲ್ ಫೋನು. ಟೇಪ್ ರೆಕಾರ್ಡರಿಗೆಂದು ಇರುವ ಇಯರ್ ಸಾಕೆಟ್ಟಿಗೆ ಫೋನಿನಿಂದ ತಂತಿ ಎಳೆದು, ಆಟದ ಧ್ವನಿ ಕಡತವನ್ನು ಪೂರ್ತಿ ವಾಲ್ಯೂಮಿನಲ್ಲಿ ನುಡಿಸಿದರೆ ಸೆಕೆಂಡಿಗೆ ಸುಮಾರು 1500 ಬಿಟ್ ವೇಗದಲ್ಲಿ ಅದು ಒಳಗೆ ಹೋಗುತ್ತದೆ. ದೊಡ್ಡ ಆಟಕ್ಕೆ ನಾಲ್ಕೈದು ನಿಮಿಷ. ಫೋನನ್ನು ಮೊದಲು ಫ್ಲೈಟ್ ಮೋಡಿಗೆ ಹಾಕಬೇಕು. ನಾಲ್ಕನೆಯ ನಿಮಿಷದಲ್ಲಿ ಸಂಬಂಧಿಕರ ಶುಭೋದಯದ ಸಂದೇಶವೊಂದು ಟಿಂಗ್ ಎಂದರೆ ಸಾಕು, ಟೇಪ್ ಲೋಡಿಂಗ್ ಎರರ್ ಎಂಬ ಸಾಲು ಕಾಣಿಸಿಕೊಂಡು ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಈ ವಿಧಾನಕ್ಕೆ ಹಿಂಬದಿಯ ಕನೆಕ್ಟರು ಬೇಕಿಲ್ಲ, ಹೆಚ್ಚುವರಿ ಕರೆಂಟೂ ಬೇಕಿಲ್ಲ, ಆದ್ದರಿಂದ ಮೊದಲ ಕೆಲವು ತಿಂಗಳು ಇದರಲ್ಲೇ ಕಳೆಯುವುದು ಸರಿ.

ಎಲ್ಲರೂ ಮೊದಲು ಕೇಳುವ ಡಿವ್‌ಎಂಎಂಸಿ ಇಂಟರ್‌ಫೇಸಿನ ಸರದಿ ಈಗ. ಎಸ್‌ಡಿ ಕಾರ್ಡಿನಲ್ಲಿ ಆಟಗಳ ಕಡತಗಳನ್ನು ತುಂಬಿ, ಅದರ ಮೇಲಿನ ಗುಂಡಿ ಒತ್ತಿದರೆ ಪಟ್ಟಿ ತೆರೆಯುತ್ತದೆ. ಆರಿಸಿದ ಆಟ ಕಣ್ಣು ಮಿಟುಕಿಸುವಷ್ಟರಲ್ಲಿ ಸಿದ್ಧ. ಅದನ್ನು ನಡೆಸುವ ಎಸ್‌ಎಕ್ಸ್‌ಡಾಸ್ ತಂತ್ರಾಂಶ ನಂಬಿಕೆಗೆ ಅರ್ಹವಾಗಿದೆ. ಬಹಳಷ್ಟು ಮಾದರಿಗಳಲ್ಲಿ ಕೆಂಪ್‌ಸ್ಟನ್ ಪದ್ಧತಿಯ ಜಾಯ್‌ಸ್ಟಿಕ್ ಸಾಕೆಟ್ಟೂ ಜೊತೆಗೇ ಇರುತ್ತದೆ, ಬೇರೆ ಕೊಳ್ಳಬೇಕಿಲ್ಲ. ಇದೊಂದು ಸೊಗಸಾದ ಸಾಧನ, ನನಗೂ ಮೆಚ್ಚುಗೆಯಾಯಿತು. ಆದರೆ ಇದಕ್ಕೆ ಬೇಕಾದ 5 ವೋಲ್ಟನ್ನು ಇದು ಯಂತ್ರದ ರೆಗ್ಯುಲೇಟರಿನಿಂದಲೇ ಎಳೆಯುತ್ತದೆ. ಹಳೆಯ 7805 ಇರುವ ಯಂತ್ರಕ್ಕೆ ಬೇಸಿಗೆಯಲ್ಲಿ ಇದನ್ನು ಸಿಕ್ಕಿಸುವುದೆಂದರೆ, ಈಗಾಗಲೇ ಬೆವರುತ್ತಿರುವ ಭಾಗದ ತಲೆಯ ಮೇಲೆ ಇನ್ನೊಂದು ಹೊರೆ ಇಟ್ಟಹಾಗೆ. ಮೇಲಾಗಿ ಧೂಳು ಹಿಡಿದ ಕನೆಕ್ಟರಿನಲ್ಲಿ ಅದು ಅಲುಗಿದರೆ ಟಿಆರ್4ಕ್ಕೂ ಅಪಾಯ. ರೆಗ್ಯುಲೇಟರು, ಅಡಾಪ್ಟರು, ಕೆಪಾಸಿಟರು ಮತ್ತು ಕನೆಕ್ಟರಿನ ಶುದ್ಧಿ ಮುಗಿದ ಮೇಲೆ ಇದನ್ನು ತರಿಸಿದವರು ಸುಖವಾಗಿರುತ್ತಾರೆ.

ಎವೈ ಧ್ವನಿಯ ಚಿಪ್ಪಿನ ಕಾರ್ಡನ್ನು 48 ಕೆ ಯಂತ್ರಕ್ಕೆ ಕೊಳ್ಳುವುದು ನನಗೆ ವ್ಯರ್ಥವೆನಿಸಿತು. ಅದನ್ನು ಬಳಸುವ ಆಟಗಳಲ್ಲಿ ಹೆಚ್ಚಿನವು 128 ಕೆ ಮಾದರಿಗೆ ಬರೆದಂಥವು, ಅವುಗಳಿಗೆ ಮೆಮೊರಿಯೂ ಹೆಚ್ಚು ಬೇಕು.

ಆಟವಷ್ಟೇ ಬೇಕು, ಬೆಸುಗೆಯ ಹೊಗೆ ಬೇಡ ಎನ್ನುವವರಿಗೆ ರೆಟ್ರೊ ಗೇಮ್ಸ್ ಕಂಪನಿ 2024ರ ನವೆಂಬರಿನಲ್ಲಿ ಹೊರತಂದ ದಿ ಸ್ಪೆಕ್ಟ್ರಮ್ ಎಂಬ ಹೊಸ ಯಂತ್ರವಿದೆ: ರಬ್ಬರ್ ಕೀಲಿ, ಎಚ್‌ಡಿಎಂಐ, ಒಳಗೇ 48 ಆಟಗಳು, ಬಿಡುಗಡೆಯ ಹೊತ್ತಿಗೆ ಬ್ರಿಟನ್ನಿನಲ್ಲಿ 89.99 ಪೌಂಡ್. ಒಳಗೆ ಜೆಡ್80 ಇಲ್ಲ, ಅದರಂತೆ ನಟಿಸುವ ತಂತ್ರಾಂಶವಿದೆ. ಮಕ್ಕಳಿಗೆ ಕೊಡಲು ಅದೇ ಸರಿ. ಮಲ್ಟಿಮೀಟರು ಹಿಡಿಯುವ ಆಸೆಯಿರುವವರಿಗೆ ಅದರಲ್ಲಿ ಮಾಡಲು ಏನೂ ಇಲ್ಲ.

ಬಿಡಿಭಾಗಗಳನ್ನು ಎಲ್ಲಿಂದ ತರಿಸುವುದು ಎಂಬ ಪ್ರಶ್ನೆಗೆ ಉತ್ತರ ಎರಡು ಭಾಗದ್ದು. ಕೆಪಾಸಿಟರ್, ಟ್ರಾನ್ಸಿಸ್ಟರಿನ ಸಮಾನ ಬದಲಿಗಳು, ಹೀಟ್ ಸಿಂಕ್, ಸಾಕೆಟ್ಟು, ಸ್ವಿಚಿಂಗ್ ರೆಗ್ಯುಲೇಟರು ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಥವಾ ಅಂಚೆಯ ಮೂಲಕ ಮಾರುವ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಮೆಂಬ್ರೇನ್, ಮೆಮೊರಿ ಮಾಡ್ಯೂಲ್ ಮತ್ತು ಡಿವ್‌ಎಂಎಂಸಿ ಹೊರದೇಶದಿಂದಲೇ ಬರಬೇಕು. ಅಂಚೆ ವೆಚ್ಚ ಮತ್ತು ಸುಂಕ ಸೇರಿ ಮೆಂಬ್ರೇನಿನಂಥ ಹಗುರವಾದ ವಸ್ತುವೂ ದುಬಾರಿಯಾಗುತ್ತದೆ. ಬೆಸುಗೆಯ ಕೆಲಸಕ್ಕೆ ಬಳ್ಳಾರಿಯಲ್ಲಿ ಜನ ಇದ್ದಾರೆ. ಟಿವಿ, ಆಂಪ್ಲಿಫೈಯರ್ ರಿಪೇರಿಯಲ್ಲಿ ಕೈ ಪಳಗಿದ ಹಿರಿಯ ಮೆಕ್ಯಾನಿಕ್ಕುಗಳು ಈ ಬೋರ್ಡನ್ನು ನೋಡಿದ ಕೂಡಲೇ ಓದಬಲ್ಲರು, ಏಕೆಂದರೆ ಇದರ ಭಾಗಗಳು ಅವರ ಕಾಲದವೇ, ಬರಿಗಣ್ಣಿಗೆ ಕಾಣುವಷ್ಟು ದೊಡ್ಡವೇ. ಮೊಬೈಲ್ ರಿಪೇರಿ ಮಾಡುವ ಹುಡುಗರ ಬಿಸಿಗಾಳಿಯ ಉಪಕರಣದ ಕೈಗೆ ಮಾತ್ರ ಇದನ್ನು ಕೊಡಬಾರದು. ಹಳೆಯ ಬೋರ್ಡಿನ ತಾಮ್ರ ಅಷ್ಟು ಶಾಖಕ್ಕೆ ಕಳಚಿಕೊಳ್ಳುತ್ತದೆ. ಹೊರದೇಶದ ಭಾಗಗಳನ್ನು ತರಿಸುವಾಗ ಹೊಸಪೇಟೆ, ಕೊಪ್ಪಳ, ರಾಯಚೂರು ಕಡೆ ಇಂಥದೇ ಯಂತ್ರವಿರುವ ಇನ್ನೊಬ್ಬಿಬ್ಬರನ್ನು ಹುಡುಕಿಕೊಂಡು ಒಂದೇ ಪಾರ್ಸಲಿನಲ್ಲಿ ತರಿಸಿದರೆ ಅಂಚೆ ವೆಚ್ಚ ಹಂಚಿಹೋಗುತ್ತದೆ. ತರಿಸುವ ತಿಂಗಳೂ ಮುಖ್ಯ: ಮೆಂಬ್ರೇನಿನ ಪಾರ್ಸಲು ಮೇ ತಿಂಗಳಲ್ಲಿ ಗೋದಾಮಿನಲ್ಲೋ ಬಿಸಿಲಿಗೆ ನಿಂತ ವಾಹನದಲ್ಲೋ ದಿನಗಟ್ಟಲೆ ಬೇಯುವುದಕ್ಕಿಂತ ನವೆಂಬರಿನಿಂದ ಜನವರಿಯ ಒಳಗೆ ಮನೆ ಸೇರುವಂತೆ ನೋಡಿಕೊಳ್ಳುವುದು ಮೇಲು.